ಗೆದ್ದವನಿಗೇ ಕಾರ್ಡು

ಶಿರಸಿಯಲ್ಲಿ ಅಕ್ಕನ ಮಗ ನನ್ನ ಚಾರಿಝಾರ್ಡ್ ಅನ್ನೋ ಪೋಕೆಮಾನ್ ಕಾರ್ಡು ಹೊಡೆದುಕೊಂಡ. ಅಸಲಿ ಕಾರ್ಡು, ಪುಣೆಯಿಂದ ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನವಾಗಿ ತಂದಿದ್ದೆ. ಅವನು ಎದುರಿಗೆ ಇಟ್ಟಿದ್ದು ಚಿನ್ನದ ಬಣ್ಣದ ಡುಪ್ಲಿಕೇಟು, ಮೂಲೆ ಬೇರೆ ಮಡಚಿತ್ತು. "ನಂದು ಎಚ್‌ಪಿ ಜಾಸ್ತಿ ಮಾವ, ನಿಂದು ಹೋತು" ಅಂದ. (ಎಚ್‌ಪಿ ಅಂದ್ರೆ ಕಾರ್ಡಿನ ಮೇಲಿರುವ ಪ್ರಾಣಬಲದ ನಂಬರು.) ಮುಗೀತು.

ನಾನು ಕೂತಿದ್ದು ಪೋಕೆಮಾನ್ ಆಟವನ್ನು ಸರಿಯಾಗಿ ಹೇಳಿಕೊಡಲು. ಒಬ್ಬೊಬ್ಬರಿಗೆ 60 ಕಾರ್ಡಿನ ಡೆಕ್, ಕೈಯಲ್ಲಿ 7, ಪಕ್ಕಕ್ಕೆ ಬೋರಲು ಹಾಕಿದ 6 ಪ್ರೈಜ್ ಕಾರ್ಡು. ಎನರ್ಜಿ ಕಾರ್ಡಿನ ಮಾತು ಬರುವಷ್ಟರಲ್ಲಿ ಹುಡುಗನ ಕಣ್ಣು ದಣಪೆ ಕಡೆ. ಊರ ಹುಡುಗರ ಆಟವೇ ಬೇರೆ. ಭಾವ ಕವಳದ ಬಟ್ಟಲು ಸರಿಸಿ ಜಾಗ ಮಾಡಿಕೊಟ್ಟರೆ ಜಗಲಿ ಮೇಲೆ ಎಲ್ಲರೂ ಒಂದೊಂದು ಕಾರ್ಡು ಇಡುತ್ತಾರೆ, ದೊಡ್ಡ ನಂಬರಿನವನು ಎಲ್ಲಾ ಬಳಿದುಕೊಳ್ಳುತ್ತಾನೆ. ನಾವು ಡಬ್ಲ್ಯೂಡಬ್ಲ್ಯೂಇ ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ ಅಂತ ಕೂಗುತ್ತಿದ್ದೆವಲ್ಲ, ಅದೇ ರೂಲ್ಸು.

ಪುಣೆಯಲ್ಲಿ ನಾನು ಆಡುವುದು ಮ್ಯಾಜಿಕ್ ಅನ್ನೋ ಇನ್ನೊಂದು ಕಾರ್ಡಾಟ. ಕೂತ ತಕ್ಷಣ ಪ್ರಶ್ನೆ, ಯಾವ ಫಾರ್ಮ್ಯಾಟ್, ಅಂದ್ರೆ ಯಾವ ರೂಲ್ಸಿನ ಆಟ? ಸ್ಟ್ಯಾಂಡರ್ಡ್ ಅಂದ್ರೆ ಇತ್ತೀಚಿನ ಸೆಟ್‌ಗಳ ಕಾರ್ಡು ಮಾತ್ರ, ಶುರುವಿಗೆ ಒಬ್ಬೊಬ್ಬರಿಗೆ 20 ಲೈಫು. ಕಮಾಂಡರ್ ಅಂದ್ರೆ 100 ಕಾರ್ಡು, ಬೇಸಿಕ್ ಲ್ಯಾಂಡ್ (ಬೇರೆ ಕಾರ್ಡು ಆಡಲು ಶಕ್ತಿ ಕೊಡುವ ಕಾರ್ಡು) ಬಿಟ್ಟು ಯಾವುದೂ ಎರಡು ಇರಬಾರದು, 40 ಲೈಫು, ಸಾಮಾನ್ಯವಾಗಿ ನಾಲ್ಕು ಜನ. ಆಮೇಲೆ ಯಾರ ಡೆಕ್ ಎಷ್ಟು ಸ್ಟ್ರಾಂಗು ಅಂತ ಮಾತುಕತೆ. ಹೆಣ್ಣು ನೋಡೋಕೆ ಬಂದವರ ಹಾಗೆ ಎಲ್ಲರೂ ಮೆತ್ತಗೆ, ನಮ್ಮದೇನೂ ಇಲ್ಲ ಅನ್ನುತ್ತಾರೆ. ಆಟ ಶುರುವಾದ ಮೇಲೆ ಗೊತ್ತಾಗುತ್ತದೆ ಬಂಡವಾಳ. ಇಷ್ಟೆಲ್ಲಾ ಮಾಡಿ ಗೆದ್ದವನಿಗೆ ಏನು? ಒಂದು ಶೇಕ್‌ಹ್ಯಾಂಡು.

ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಮ್ಯಾಜಿಕ್ ತಂದಾಗ ಪಣ ಇತ್ತು. ಆಟಕ್ಕೆ ಮುಂಚೆ ಇಬ್ಬರ ಡೆಕ್‌ನಿಂದಲೂ ಒಂದೊಂದು ಕಾರ್ಡು ಪಕ್ಕಕ್ಕೆ, ಗೆದ್ದವನಿಗೆ ಎರಡೂ. ಆಮೇಲೆ ಬಿಟ್ಟರು. ಪಣದ ಮಾತಿರುವ ಕಾರ್ಡುಗಳೇ ಈಗ ಟೂರ್ನಿಗಳಲ್ಲಿ ಬ್ಯಾನ್. ಅಂದ್ರೆ ನಮ್ಮ ಜಗಲಿ ಹುಡುಗರದ್ದು ಅಂಥಾ ತಪ್ಪಾಟವೇನೂ ಅಲ್ಲ, ಅಲ್ವಾ? ಕಾರ್ಡು ಇಡುವ ಮುಂಚೆ ಅವರ ಕೈ ಒಂದು ಗಳಿಗೆ ತಡೆಯುತ್ತದೆ. ಆ ಢವಢವ ನನಗೆ ಪುಣೆಯಲ್ಲಿ ಯಾವತ್ತೂ ಆಗಿಲ್ಲ.

ಸರಿ, ಇದನ್ನೂ ಹೇಳಿಬಿಡ್ತೇನೆ. ಸಂಜೆಯೊಳಗೆ ಆಚೆಮನೆ ಸಣ್ಣವನು ಇದ್ದಬದ್ದ ಕಾರ್ಡೆಲ್ಲಾ ಕಳೆದುಕೊಂಡು ಅಳುತ್ತಾ ಹೋದ. ಅವನ ಅಮ್ಮ ಬಂದು ಅಕ್ಕನ ಹತ್ರ ಜಗಳ. ಪುಣೆಯಲ್ಲಿ ಯಾರ ಕಾರ್ಡು ಅವರ ಮನೆಗೇ ಹೋಗುತ್ತದೆ. ಡ್ರಾಫ್ಟ್ ಅನ್ನೋ ಫಾರ್ಮ್ಯಾಟ್ ಆದರಂತೂ ಹಳೇ ಕಾರ್ಡೇ ಬೇಡ: ಒಬ್ಬೊಬ್ಬರಿಗೆ 3 ಪ್ಯಾಕೆಟ್, ಒಡೆದು ಒಂದು ಇಟ್ಟುಕೊಂಡು ಉಳಿದದ್ದು ಪಕ್ಕದವನಿಗೆ ದಾಟಿಸುವುದು, ಕೊನೆಗೆ ಸಿಕ್ಕಿದ್ದಕ್ಕೇ ಲ್ಯಾಂಡ್ ಸೇರಿಸಿ 40ರ ಡೆಕ್. ದುಡ್ಡಿದ್ದವನ ಗತ್ತು ನಡೆಯುವುದಿಲ್ಲ. ಇದೊಂದು ಊರಿಗೆ ಬರಬೇಕು. ಎಂಟು ಜನ ಇದ್ದರೆ ಚೆಂದ. ಬೇಸಿಗೆ ರಜೆಯಲ್ಲಿ ನಮ್ಮ ಜಗಲಿಗೆ ಎಂಟು ಹುಡುಗರು ಕರೆಯದೇ ಬರುತ್ತಾರೆ, ಪುಣೆಯಲ್ಲಿ ಅಷ್ಟು ಜನ ಸೇರಿಸಲು ವಾರವಿಡೀ ವಾಟ್ಸಾಪ್‌ನಲ್ಲಿ ಗೋಗರೆಯಬೇಕು.