ಮೂಗಿಗಿಂತ ಮೂಗುತಿ ಭಾರ

ಶೂಟಿಂಗ್ ಪಂದ್ಯದ ಟೈಮರ್ ಬೀಪ್ ಅಂದಿತು. ನಾನು ಮಿಂಚಿನ ಹಾಗೆ ಪಿಸ್ತೂಲು ಎಳೆದೆ. ಕೈ ಯಾಕೋ ಹಗುರ ಅನ್ನಿಸಿತು. ನೋಡಿದರೆ ಗುಂಡು ತುಂಬಿದ ಮ್ಯಾಗಜಿನ್ ನನ್ನ ಶೂ ಪಕ್ಕದಲ್ಲಿ ಆರಾಮಾಗಿ ಮಲಗಿತ್ತು. ಸೊಂಟದ ಪೌಚಿನಿಂದ ಇನ್ನೊಂದು ತೆಗೆದು ಹಾಕಿದೆ. ಎರಡು ಹೆಜ್ಜೆ ಇಟ್ಟೆ. ಅದೂ ಬಿತ್ತು.

ಹಿಂದಿನ ರಾತ್ರಿ ನಾನೇ ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಬದಲಾಯಿಸಿದ್ದೆ. ಹಳೆಯದು ಚಿಕ್ಕದು, ಹೆಬ್ಬೆರಳಿಗೆ ಬೇಗ ಸಿಗುವುದಿಲ್ಲ ಅಂತ ದೊಡ್ಡದು ಹಾಕಿದ್ದೆ. ಈಗ ಬೇಗ ಸಿಗುತ್ತಿತ್ತು. ಹೆಬ್ಬೆರಳಿಗೆ ಮಾತ್ರ ಅಲ್ಲ, ಅಂಗೈಗೂ ಸಿಗುತ್ತಿತ್ತು. ಗಟ್ಟಿಯಾಗಿ ಹಿಡಿದರೆ ಸಾಕು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುತ್ತಿತ್ತು. ಕನ್ನಡದಲ್ಲಿ ಗುಂಡಿ ಅಂದರೆ ಬಟನ್ನೂ ಹೌದು, ಹಳ್ಳವೂ ಹೌದು. ನಾನು ಎರಡನೆಯದರಲ್ಲಿ ಬಿದ್ದಿದ್ದೆ.

ಮೂರನೇ ಮ್ಯಾಗಜಿನ್ ಹಾಕಿ, ಗಾಜಿನ ಬಳೆ ಹಿಡಿದ ಹಾಗೆ ಹಗುರವಾಗಿ ಪಿಸ್ತೂಲು ಹಿಡಿದು ಸ್ಟೇಜ್, ಅಂದರೆ ಪಂದ್ಯದ ಆ ಸುತ್ತು, ಮುಗಿಸಿದೆ. ರೇಂಜ್ ಆಫೀಸರ್ ‘ಇಫ್ ಯು ಆರ್ ಫಿನಿಶ್ಡ್’ ಅಂದರು. ಅದು ಎಲ್ಲರಿಗೂ ಹೇಳುವ ಮಾತು, ನಿಯಮದಲ್ಲೇ ಇದೆ. ಮುಗಿದಿದ್ದರೆ ಗನ್ ಖಾಲಿ ಮಾಡಿ ತೋರಿಸಿ ಅಂತ. ಅವತ್ತು ಮಾತ್ರ ನನಗೆ ‘ನಿನ್ನ ಕಥೆ ಮುಗೀತಾ?’ ಅಂತ ಕೇಳಿಸಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಕ್ಟಿಕಲ್ ಶೂಟಿಂಗ್ ಅಂದರೆ ಒಂದೇ ಕಡೆ ನಿಂತು ಉಸಿರು ಕಟ್ಟಿ ಕಾಗದಕ್ಕೆ ಗುರಿ ಇಡುವ ಶಾಂತ ಆಟ ಅಲ್ಲ. ಓಡಬೇಕು, ಬಾಗಬೇಕು, ಗೋಡೆಯ ಸಂದಿಯಿಂದ ಇಣುಕಬೇಕು, ಓಡುತ್ತಲೇ ಮ್ಯಾಗಜಿನ್ ಬದಲಾಯಿಸಬೇಕು. ಇದನ್ನು ನಡೆಸುವ ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷ ಜೆಫ್ ಕೂಪರ್. ಅದರ ಧ್ಯೇಯವಾಕ್ಯ ಲ್ಯಾಟಿನ್‌ನ ಮೂರು ಪದ: ಡಿಲಿಜೆನ್ಷಿಯಾ, ವಿಸ್, ಸೆಲೆರಿಟಾಸ್. ಅಂದರೆ ಗುರಿ, ಬಲ, ವೇಗ. ಮೂರೂ ಸಮವಾಗಿ ಇರಬೇಕು. ನನ್ನಲ್ಲಿ ಇದ್ದವು. ಮೂರೂ ಒಂದೇ ಅಳತೆಯಲ್ಲಿ ಕಡಿಮೆ.

ಅಂಕದ ಲೆಕ್ಕವೂ ಸುಲಭ. ಸಿಕ್ಕ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್. ಗುರಿಹಲಗೆಯ ಮಧ್ಯದ ‘ಎ’ ಭಾಗಕ್ಕೆ 5, ಕಡಿಮೆ ಬಲದ ಗುಂಡಾದರೆ ‘ಸಿ’ಗೆ 3, ‘ಡಿ’ಗೆ 1, ತಪ್ಪಿದರೆ 10 ಕಳೆಯುತ್ತಾರೆ. ನನ್ನ ಮೊದಲ ಸ್ಟೇಜಿನ ಹನ್ನೆರಡು ಗುಂಡಿನಲ್ಲಿ ಆರು ಎ, ಮೂರು ಸಿ, ಎರಡು ಡಿ, ಒಂದು ಆಕಾಶಕ್ಕೆ. ಒಟ್ಟು 31 ಅಂಕ, 20 ಸೆಕೆಂಡು. ಹಿಟ್ ಫ್ಯಾಕ್ಟರ್ 1.55. ಅದೇ ಸ್ಟೇಜನ್ನು ಗೆದ್ದವರ ಹಿಟ್ ಫ್ಯಾಕ್ಟರ್ 6. ಈ ಅಂತರಕ್ಕೆ ಏನು ಕಾರಣ ಅಂತ ಆ ರಾತ್ರಿ ತುಂಬಾ ಯೋಚಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಪಾಪ, ಅಂದು ಸುಮ್ಮನಾದಳು. ನಾನು ಉಳಿ ಸುತ್ತಿಗೆ ತಂದು ನೆಲ ಕೆತ್ತಲು ಕೂತೆ.

ಅದಕ್ಕೂ ಮುಂಚೆ ಪಿಸ್ತೂಲು ಆರಿಸಿದ ಕಥೆ ಇದೆ. ಮೊದಲು ಯಾವ ಡಿವಿಷನ್, ಅಂದರೆ ಯಾವ ಬಗೆಯ ಪಿಸ್ತೂಲಿನವರ ಗುಂಪು, ಅಂತ ತೀರ್ಮಾನ ಮಾಡಬೇಕು. ಪ್ರೊಡಕ್ಷನ್ ಅಂದರೆ ಕಾರ್ಖಾನೆಯಿಂದ ಹೇಗೆ ಬಂತೋ ಹೆಚ್ಚುಕಡಿಮೆ ಹಾಗೆ. ಸ್ಟ್ಯಾಂಡರ್ಡ್‌ನಲ್ಲಿ ಸ್ವಲ್ಪ ಶೃಂಗಾರ ಮಾಡಬಹುದು. ಓಪನ್ ಅಂದರೆ ಮದುವೆ ಹೆಣ್ಣು. ಗುರಿಗೆ ಕೆಂಪು ಚುಕ್ಕಿ ತೋರಿಸುವ ಡಾಟ್, ಮೂತಿ ಎಗರದಂತೆ ತಡೆಯುವ ಕಾಂಪೆನ್ಸೇಟರ್, ಉದ್ದದ ಮ್ಯಾಗಜಿನ್, ಎಲ್ಲ ಇರಬಹುದು. ಕ್ಲಾಸಿಕ್‌ನಲ್ಲಿ 1911 ಮಾದರಿಯ ಹಳೆಯ ಪಿಸ್ತೂಲು. ರಿವಾಲ್ವರ್‌ನವರದ್ದೇ ಬೇರೆ ಪಂಗಡ.

ಗೆಳೆಯರೊಬ್ಬರು ತಮ್ಮ 1911 ಕೊಟ್ಟು, ಹೊಡೆದು ನೋಡಿ, ಒರೆಸಿ ಕೊಡಿ ಸಾಕು ಅಂದರು. ಒಳ್ಳೆಯ ಮನುಷ್ಯ. ಒರೆಸಿ ಬಿಡಿ ಭಾಗ ಜೋಡಿಸುವಾಗ ಸ್ಲೈಡ್ ಸ್ಟಾಪ್ ಅನ್ನುವ ಸಣ್ಣ ತುಂಡು ಒಳಗೆ ಹೋಗಲು ಹಟ ಮಾಡಿತು. ಒತ್ತಿದೆ. ಜಾರಿತು. ನುಣುಪಾದ ಫ್ರೇಮಿನ ಮೇಲೆ ಬಿಲ್ಲಿನಾಕಾರದ ಒಂದು ಗೀರು ಬಿತ್ತು. ಕಾಮನಬಿಲ್ಲಿನ ಹಾಗೆ ಸೊಗಸಾಗಿತ್ತು, ಬಣ್ಣ ಮಾತ್ರ ಒಂದೇ. ಬೆವರುತ್ತಾ ಫೋನ್ ಮಾಡಿದರೆ ಅವರು ನಕ್ಕರು. ಆ ಗೀರಿಗೆ ಹೆಸರೇ ಇದೆಯಂತೆ: ಈಡಿಯಟ್ ಸ್ಕ್ರ್ಯಾಚ್. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೈನ್ಯ ಒಪ್ಪಿಕೊಂಡದ್ದು 1911ರಲ್ಲಿ. ನೂರು ವರ್ಷ ಕಳೆದ ಮೇಲೂ ಜನ ಅದೇ ಜಾಗದಲ್ಲಿ ಅದೇ ಗೀರು ಎಳೆಯುತ್ತಿದ್ದಾರೆ. ನಾನು ಒಂಟಿಯಲ್ಲ ಅಂತ ಸಮಾಧಾನ ಆಯಿತು. ಅವರು ಮಾತ್ರ ಮತ್ತೆ ಯಾವತ್ತೂ ಗನ್ ಕೊಡಲಿಲ್ಲ.

ಆಮೇಲೆ ತೂಕದ ಪ್ರಶ್ನೆ. ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲು ಖಾಲಿ ಇದ್ದಾಗ ಆರೇಳು ನೂರು ಗ್ರಾಂ. ಪಂದ್ಯಕ್ಕೆಂದೇ ಮಾಡಿದ ಉಕ್ಕಿನದ್ದು ಒಂದೂಕಾಲು ಕಿಲೋ ದಾಟುತ್ತದೆ. ಭಾರ ಇದ್ದರೆ ಹೊಡೆದಾಗ ಮೂತಿ ಕಡಿಮೆ ಎಗರುತ್ತದೆ, ಎರಡನೇ ಗುಂಡು ಬೇಗ ಹಾರುತ್ತದೆ. ಸರಿ, 1975ರ ಸಿಜೆಡ್ 75 ವಂಶದ ಉಕ್ಕಿನ ಪಿಸ್ತೂಲೊಂದನ್ನು ತೆಗೆದುಕೊಂಡೆ. ಮೂತಿ ನಿಜಕ್ಕೂ ಎಗರಲಿಲ್ಲ. ನಾಲ್ಕನೇ ಸ್ಟೇಜಿನ ಹೊತ್ತಿಗೆ ನನ್ನ ಕೈಯೇ ಮೇಲೇಳುತ್ತಿರಲಿಲ್ಲ.

ಈ ವಂಶದ ಪಿಸ್ತೂಲಿಗೆ ಇನ್ನೊಂದು ಗುಣವಿದೆ. ಪ್ರೊಡಕ್ಷನ್‌ನಲ್ಲಿ ಹ್ಯಾಮರ್, ಅಂದರೆ ಗುಂಡು ಸಿಡಿಸಲು ಹೊಡೆಯುವ ಹಿಂಭಾಗದ ಸುತ್ತಿಗೆ, ಕೆಳಗಿಟ್ಟೇ ಶುರು ಮಾಡಬೇಕು. ಹಾಗಾಗಿ ಮೊದಲ ಗುಂಡಿಗೆ ಟ್ರಿಗರ್ ಉದ್ದವಾಗಿ, ಭಾರವಾಗಿ ಎಳೆಯಬೇಕು. ಅದೇ ಎಳೆತ ಹ್ಯಾಮರನ್ನು ಹಿಂದಕ್ಕೆ ಒಯ್ದು ಬಿಡುತ್ತದೆ. ಎರಡನೇ ಗುಂಡಿನಿಂದ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನನ್ನ ಮೊದಲ ಗುಂಡು ಪ್ರತಿ ಸಲವೂ ಎಡಗಡೆ ಕೆಳಗೆ ಹೋಗಿ ಕೂರುತ್ತಿತ್ತು. ಅಭ್ಯಾಸ ಮಾಡಿ ಅಂದರು ಹಿರಿಯರು. ದಿನಾ ಹತ್ತು ನಿಮಿಷ, ಖಾಲಿ ಗನ್ನಿನಲ್ಲಿ, ಗೋಡೆ ನೋಡಿಕೊಂಡು. ಸ್ಪ್ರಿಂಗ್ ಬದಲಾಯಿಸಿದರೆ ಟ್ರಿಗರ್ ಹಗುರ ಆಗುತ್ತದೆ ಅಂತ ಇನ್ನೊಬ್ಬರು ಅಂದರು. ಯಾರ ಮಾತು ಕೇಳಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಪಿಸ್ತೂಲಿನ ಸ್ಪ್ರಿಂಗುಗಳಿಗೆ ಸ್ವಾತಂತ್ರ್ಯದ ಹಂಬಲ ಜಾಸ್ತಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಸ್ತ್ರಚಿಕಿತ್ಸೆಗೆ ಕೂತ ಡಾಕ್ಟರ ಹಾಗೆ ಗಂಭೀರವಾಗಿ ಒಂದು ಪಿನ್ ತಳ್ಳಿದೆ. ಟಣ್! ಏನೋ ಹಾರಿತು. ಎಲ್ಲಿಗೆ ಅಂತ ಕಾಣಲಿಲ್ಲ. ಅಕ್ಕಿ ಕಾಳಿನಷ್ಟು ಉದ್ದದ ಸ್ಪ್ರಿಂಗ್. ಟಾರ್ಚ್ ಹಿಡಿದು, ಕೆನ್ನೆ ನೆಲಕ್ಕೆ ಒತ್ತಿ, ಬೀರುವಿನ ಕೆಳಗೆ ಒಂದು ಗಂಟೆ ಹುಡುಕಿದೆ. ಹಳೆಯ ಅಂಗಿ ಗುಂಡಿ ಸಿಕ್ಕಿತು. ಎರಡು ವರ್ಷದಿಂದ ಕಳೆದುಹೋಗಿದ್ದ ಹೆಂಡತಿಯ ಓಲೆ ಸಿಕ್ಕಿತು. ಸ್ಪ್ರಿಂಗ್ ಸಿಗಲಿಲ್ಲ. ‘ಈ ಆಟದಿಂದ ಮನೆಗೆ ಇವತ್ತೇ ಮೊದಲು ಲಾಭ ಆಗಿದ್ದು’ ಅಂದಳು ಅವಳು, ಓಲೆ ಹಾಕಿಕೊಳ್ಳುತ್ತಾ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿದರೆ ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಉಳಿಯುತ್ತದೆ. ಇದನ್ನು ಜನ ಯಾವಾಗಲೂ ಸ್ಪ್ರಿಂಗ್ ಹಾರಿದ ಮೇಲೇ ಹೇಳುತ್ತಾರೆ.

ಅಂತೂ ಬೇರೆ ತರಿಸಿ ಜೋಡಿಸಿದೆ. ಹ್ಯಾಮರಿಗೂ ಮೆತ್ತನೆಯ ಸ್ಪ್ರಿಂಗ್ ಹಾಕಿದೆ. ಟ್ರಿಗರ್ ಎಷ್ಟು ಹಗುರ ಆಯಿತು ಅಂದರೆ ಮನೆಗೆ ಬಂದವರಿಗೆಲ್ಲ ಅದನ್ನೇ ವರ್ಣಿಸುತ್ತಿದ್ದೆ. ಪಂದ್ಯದ ದಿನ ಬೀಪ್ ಬಂತು, ಎಳೆದೆ, ಗುರಿ ಇಟ್ಟೆ, ಒತ್ತಿದೆ. ಟಿಕ್. ಅಷ್ಟೇ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆದು ಆ ಗುಂಡನ್ನು ಹೊರಗೆ ಹಾಕಿದೆ. ಇನ್ನೊಂದು. ಟಿಕ್. ಆಮೇಲೆ ಹೆಕ್ಕಿ ನೋಡಿದೆ. ಹಿತ್ತಾಳೆಯ ತಳದ ನಡುವೆ ಇರುವ, ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿಗೆ ಫೈರಿಂಗ್ ಪಿನ್ ಆಳವಾಗಿ ಗುದ್ದಬೇಕು. ನನ್ನ ಗುಂಡಿನ ಮೇಲೆ ಮಗುವಿನ ಕೆನ್ನೆಯ ಗುಳಿಯಷ್ಟು ನಾಜೂಕಾದ ಗುರುತು. ಹ್ಯಾಮರ್ ಹೊಡೆದಿರಲಿಲ್ಲ, ಮುದ್ದು ಮಾಡಿತ್ತು. ಸ್ಪ್ರಿಂಗ್ ಮೆತ್ತಗಾದರೆ ಹೊಡೆತವೂ ಮೆತ್ತಗಾಗುತ್ತದೆ, ಗಟ್ಟಿ ಪ್ರೈಮರ್ ಅದಕ್ಕೆ ಜಗ್ಗುವುದಿಲ್ಲ. ಇಷ್ಟು ತಿಳಿಯಲು ನನಗೆ ಒಂದು ಪಂದ್ಯದ ಶುಲ್ಕ ಬೇಕಾಯಿತು.

ಫೈಬರ್ ಆಪ್ಟಿಕ್ ಕಥೆ ಚಿಕ್ಕದು. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಮುಂದಿನ ಸೈಟಿನಲ್ಲಿ ಕೂರುವ, ಬೆಳಕಿಗೆ ಕೆಂಪಗೆ ಹೊಳೆಯುವ ಸಣ್ಣ ಕಡ್ಡಿ ಅದು. ತುದಿಗೆ ಲೈಟರಿನ ಬಿಸಿ ತೋರಿಸಿದರೆ ಅಣಬೆಯ ಹಾಗೆ ಉಬ್ಬಿ ಜಾರದಂತೆ ನಿಲ್ಲುತ್ತದೆ. ತೋರಿಸಬೇಕು ಅಷ್ಟೇ, ಮುಟ್ಟಿಸಬಾರದು. ನಾನು ಮುಟ್ಟಿಸಿದೆ. ಮೂರು ಕಡ್ಡಿ ಕರಗಿತು, ಒಂದು ಬೆರಳು ಸುಟ್ಟಿತು. ನಾಲ್ಕನೆಯದು ಸರಿಯಾಗಿ ಕೂತಿತು, ಏಳನೇ ಗುಂಡಿಗೆ ಹಾರಿಹೋಯಿತು.

ಇನ್ನು ಮ್ಯಾಗ್‌ವೆಲ್. ಮ್ಯಾಗಜಿನ್ ಬೇಗ ಒಳಗೆ ಹೋಗಲಿ ಅಂತ ಹಿಡಿಯ ಬಾಯಿಗೆ ಹಾಕುವ ಆಲಿಕೆ ಅದು. ನನ್ನ ದೊಡ್ಡ ಗುಂಡಿಯೂ ಈ ಕಾಲದ್ದೇ. ಇವನ್ನು ಹಾಕಿದ ಕೂಡಲೇ ಪ್ರೊಡಕ್ಷನ್‌ನಿಂದ ಹೊರಗೆ. ಬೇಜಾರಾಗಲಿಲ್ಲ, ಸ್ಟ್ಯಾಂಡರ್ಡ್ ಇದೆಯಲ್ಲ! ಆಲಿಕೆ ಬಂದ ಮೇಲೆ ಮ್ಯಾಗಜಿನ್ ತಳ ಗಿಡ್ಡ ಆಯಿತು. ಅದಕ್ಕೆ ದಪ್ಪ ಬೇಸ್‌ಪ್ಯಾಡ್ ಹಾಕಿದೆ. ಪಂದ್ಯದ ಬೆಳಿಗ್ಗೆ ಉಪಕರಣ ಪರೀಕ್ಷೆ. ಮೇಜಿನ ಮೇಲೆ ಒಂದು ಪೆಟ್ಟಿಗೆ. ಒಳಗಿನ ಅಳತೆ 225, 150, 45 ಮಿಲಿಮೀಟರ್. ಸ್ಟ್ಯಾಂಡರ್ಡ್ ಪಿಸ್ತೂಲು ಖಾಲಿ ಮ್ಯಾಗಜಿನ್ ಸಮೇತ ಅದರೊಳಗೆ ಪೂರ್ತಿ ಕೂರಬೇಕು. ನನ್ನದು ಕೂರಲಿಲ್ಲ. ಓರೆ ಮಾಡಿದರು, ತಿರುಗಿಸಿದರು. ಹಬ್ಬಕ್ಕೆ ತಂದ ಅಂಗಿಯಲ್ಲಿ ಹೊಟ್ಟೆ ತೂರಿಸುವ ಹಾಗೆ ನಾನೂ ಉಸಿರು ಒಳಗೆಳೆದುಕೊಂಡು ನಿಂತೆ. ಬೇಸ್‌ಪ್ಯಾಡಿನ ಅಂಚು ಪೆಟ್ಟಿಗೆಯಿಂದ ಉಗುರಿನಷ್ಟು ಹೊರಗೇ ಉಳಿಯಿತು.

‘ಓಪನ್’ ಅಂತ ಬರೆದುಕೊಂಡರು. ಡಿವಿಷನ್ ನಿಯಮ ತಪ್ಪಿದರೆ ಓಪನ್‌ಗೆ ಹಾಕುತ್ತಾರೆ. ಹಾಗೆ ನಾನು ಕಬ್ಬಿಣದ ಸೈಟ್ ಇಟ್ಟುಕೊಂಡು, ಡಾಟು ಕಾಂಪೆನ್ಸೇಟರು ಹೊತ್ತ ರೇಸ್ ಗನ್ನುಗಳ ನಡುವೆ ನಿಂತೆ. ಕುದುರೆ ಜೂಜಿಗೆ ಎಮ್ಮೆ ಹೊಡೆದುಕೊಂಡು ಬಂದವನ ಹಾಗೆ. ಎಮ್ಮೆಗೆ ಹೊಸ ಲಾಳ ಹೊಡೆಸಿದ್ದೆ ಅನ್ನುವುದು ಬೇರೆ ವಿಷಯ.

ಓಪನ್ ಅಂತಾದ ಮೇಲೆ ಡಾಟ್ ಯಾಕೆ ಬಿಡಬೇಕು? ಹಾಕಿಸಿದೆ. ಡಾಟ್ ಅಂದರೆ ಗಾಜಿನಲ್ಲಿ ಕಾಣುವ ಕೆಂಪು ಚುಕ್ಕಿ. ಗುರಿಯ ಮೇಲೆ ಚುಕ್ಕಿ ಇಟ್ಟು ಒತ್ತಿದರೆ ಆಯಿತು ಅನ್ನುತ್ತಾರೆ. ಆ ಚುಕ್ಕಿ ಸಿಗಬೇಕಲ್ಲ! ಮಣಿಕಟ್ಟು ಚೂರು ಓರೆಯಾದರೂ ಗಾಜು ಖಾಲಿ. ಪಿಸ್ತೂಲನ್ನು ಮುಖದ ಮುಂದೆ ಮೇಲೆ ಕೆಳಗೆ ಆಡಿಸುತ್ತಾ ಹುಡುಕುತ್ತಿದ್ದೆ. ಹಿಂದೆ ನಿಂತವರಿಗೆ ನಾನು ಯಾರಿಗೋ ಆರತಿ ಎತ್ತುತ್ತಿದ್ದೇನೆ ಅನ್ನಿಸಿತಂತೆ.

ಗುಂಡುಗಳನ್ನಾದರೂ ಬಿಟ್ಟೆನಾ? ಅದೂ ಇಲ್ಲ. ಒದೆತ ಕಡಿಮೆ ಇರಲಿ ಅಂತ ನಾನೇ ಮದ್ದು ಅಳೆದು ಮೆತ್ತಗೆ ತುಂಬಿಸಿದೆ. ಇದಕ್ಕೂ ಒಂದು ಗೆರೆ ಇದೆ. ಗುಂಡಿನ ತೂಕ ಎಷ್ಟು ಗ್ರೇನ್, ವೇಗ ಸೆಕೆಂಡಿಗೆ ಎಷ್ಟು ಅಡಿ, ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಅದು ಕನಿಷ್ಠ 125 ಇರಬೇಕು. ನನ್ನ ಗುಂಡು 124 ಗ್ರೇನ್. ಸುಡು ಮಧ್ಯಾಹ್ನದಲ್ಲಿ ಅಳೆದಾಗ ವೇಗ 1030 ಅಡಿ, ಫ್ಯಾಕ್ಟರ್ 127 ದಾಟಿತ್ತು. ಪಂದ್ಯ ನಡೆದದ್ದು ಚಳಿಯ ಬೆಳಗ್ಗೆ. ಚಳಿಗೆ ಮದ್ದೂ ಮುದುಡಿಕೊಂಡಿತು, ವೇಗ 1007ಕ್ಕೆ ಇಳಿಯಿತು. ಗುಣಿಸಿ ನೋಡಿ: 124.868. ‘125 ಅಂತಲೇ ಇಟ್ಟುಕೊಳ್ಳಬಹುದಲ್ಲ ಸಾರ್?’ ಅಂದೆ. ಪಾಯಿಂಟ್ ಆದ ಮೇಲಿನದ್ದನ್ನು ಬಿಟ್ಟುಬಿಡಬೇಕು ಅಂತ ನಿಯಮ. 124.9999 ಬಂದರೂ ಅದು 124. ಪಂದ್ಯ ಪೂರ್ತಿ ಆಡಬಹುದು, ಅಂಕ ಮಾತ್ರ ಇಲ್ಲ. ಮಜಾ ಏನು ಗೊತ್ತಾ? ಅವತ್ತು ನಾನು ಜೀವನದಲ್ಲೇ ಚೆನ್ನಾಗಿ ಹೊಡೆದೆ.

ಕಳೆದ ವಾರ ಅಭ್ಯಾಸಕ್ಕೆ ಹೋದಾಗ ನಮ್ಮ ಹಿರಿಯರು, ಅದೇ ಗೋಡೆ ನೋಡಿಕೊಂಡು ಹತ್ತು ನಿಮಿಷ ಅಂದವರು, ‘ಕೊಡಿ, ನಿಮ್ಮ ರಥ ನೋಡೋಣ’ ಅಂದರು. ಅವರದ್ದು ಇವತ್ತಿಗೂ ಪ್ರೊಡಕ್ಷನ್. ಹಿಡಿಯ ಗೆರೆಗಳು ಸವೆದು ನುಣ್ಣಗಾಗಿವೆ. ಅದು ಬಿಟ್ಟರೆ ಅದರಲ್ಲಿ ಬದಲಾದದ್ದು ಏನೂ ಇಲ್ಲ. ನನ್ನದನ್ನು ತೆಗೆದುಕೊಂಡು ಗುರಿ ಕಡೆ ತಿರುಗಿ, ಬೆರಳು ಟ್ರಿಗರಿನಿಂದ ದೂರ ಇಟ್ಟು ಒಮ್ಮೆ ತೂಗಿ ನೋಡಿದರು. ಆಮೇಲೆ ಏಳು ಮೀಟರ್ ದೂರದ ಮೂರು ಗುರಿಗೆ ಎರಡೆರಡು ಹೊಡೆದರು. ಆರೂ ಎ. ಮ್ಯಾಗಜಿನ್ ಕೂಡ ಬೀಳಲಿಲ್ಲ.

ನನಗೆ ಖುಷಿಯಾಯಿತು. ಗನ್ ಒಳ್ಳೆಯದೇ ಅಂತಾಯಿತಲ್ಲ. ‘ಡಾಟ್ ಹೇಗಿದೆ ಸಾರ್?’ ಅಂತ ಕೇಳಿದೆ.

ಅವರು ಖಾಲಿ ಮಾಡಿ, ಚೇಂಬರ್ ತೋರಿಸಿ, ಕೈಗೆ ಕೊಟ್ಟರು. ‘ಡಾಟ್ ಎಲ್ಲಿದೆ? ನನಗೇನೂ ಕಾಣಲಿಲ್ಲ.’

ಆನ್ ಮಾಡುವ ಬಟನ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಬ್ಯಾಟರಿ ಯಾವತ್ತು ಸತ್ತಿತ್ತೋ ಏನೋ, ನಾನೂ ಎಷ್ಟು ದಿನದಿಂದ ಖಾಲಿ ಗಾಜಿಗೆ ಆರತಿ ಎತ್ತುತ್ತಿದ್ದೆನೋ. ಮನೆಗೆ ಬರುವ ದಾರಿಯಲ್ಲೇ ಹೊಸ ಬ್ಯಾಟರಿಗೆ ಆರ್ಡರ್ ಹಾಕಿದೆ. ನಾಲ್ಕು. ಜೊತೆಗೆ ಒಂದು ಹೊಸ ಗ್ರಿಪ್ಪೂ ಕಾಣಿಸಿತು.