ಬಫಲೋದ ಕ್ಯಾಥರಿನ್ ಕಾರ್ನೆಲ್, ನಮ್ಮ ಕಂಪನಿ ನಾಟಕದ ಹೆಣ್ಮಕ್ಕಳು

ನಾವಿರೋದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ಇಲ್ಲಿನ ಯೂನಿವರ್ಸಿಟಿಯಲ್ಲಿ ಕ್ಯಾಥರಿನ್ ಕಾರ್ನೆಲ್ ಥಿಯೇಟರ್ ಅಂತ ಒಂದಿದೆ, ಇಥಾಕಾದ ಕಾರ್ನೆಲ್ ಯೂನಿವರ್ಸಿಟಿಗೆ ಸಂಬಂಧಪಟ್ಟ ಹೆಸರಿರಬೇಕು ಅಂದ್ಕೊಂಡೇ ಎಷ್ಟೋ ವರ್ಷ ಅದರ ಮುಂದೆ ಓಡಾಡಿದೀನಿ. ಆಮೇಲೆ ಓದಿದಾಗ ಗೊತ್ತಾಯ್ತು, ಆಕೆ ಈ ಊರಲ್ಲೇ ಬೆಳೆದ ನಾಟಕದ ನಟಿ. ಹುಟ್ಟಿದ್ದು 1893ರಲ್ಲಿ ಬರ್ಲಿನ್‌ನಲ್ಲಿ, ಅಪ್ಪ ಡಾಕ್ಟರಿಕೆ ಬಿಟ್ಟು ಇಲ್ಲಿ ಥಿಯೇಟರ್ ನಡೆಸ್ತಿದ್ದೋರು.

1931ರಲ್ಲಿ 'ದಿ ಬ್ಯಾರೆಟ್ಸ್ ಆಫ್ ವಿಂಪೋಲ್ ಸ್ಟ್ರೀಟ್' ನಾಟಕದಲ್ಲಿ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಪಾತ್ರ ಮಾಡಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ದೊಡ್ಡ ಹೆಸರಾದ್ರು. ಡೈರೆಕ್ಷನ್ ಗಂಡ ಗತ್ರೀ ಮೆಕ್‌ಕ್ಲಿಂಟಿಕ್‌ದು, ಕಂಪನಿ ಆಕೆಯದೇ. ನನಗೆ ಆಕೆ ನಮ್ಮೋರು ಅನ್ನಿಸಿದ್ದು ಅದಾದ ಮೇಲಿನ ಕಥೆ ಓದಿದಾಗ. ಟಾಕಿ ಬಂದು ಊರೂರಿನ ನಾಟಕದ ಥಿಯೇಟರೆಲ್ಲ ಸಿನಿಮಾ ಮಂದಿರ ಆಗ್ತಿದ್ದ ಕಾಲ, ಅಂಥದ್ರಲ್ಲಿ 1933ರ ಕೊನೆಗೆ ಆಕೆ ಮೂರು ನಾಟಕ, ಸೀನರಿ, ಇಡೀ ತಂಡ ಕಟ್ಕೊಂಡು ರೈಲಲ್ಲಿ ದೇಶ ಸುತ್ತೋಕೆ ಹೊರಟ್ರು, ಏಳು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಯೋಗ. ಮುಂದೆ ದೊಡ್ಡ ಸಿನಿಮಾ ನಿರ್ದೇಶಕನಾದ ಆರ್ಸನ್ ವೆಲ್ಸ್ ಕೂಡ, ಆಗಿನ್ನೂ 18 ವರ್ಷದವ, ತಂಡದಲ್ಲಿದ್ದ.

ಆ ವರ್ಷದ ಕ್ರಿಸ್‌ಮಸ್ ರಾತ್ರಿ ಸಿಯಾಟಲ್‌ನಲ್ಲಿ ಶೋ. ಮಳೆ ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ರೈಲು ಊರು ಸೇರಿದಾಗ ರಾತ್ರಿ ಹನ್ನೊಂದು ದಾಟಿತ್ತು. ಇನ್ನೇನು ಶೋ ಕ್ಯಾನ್ಸಲ್ ಅಂತ ತಂಡದವರು ಇಳಿದ್ರೆ, ಥಿಯೇಟರಲ್ಲಿ ಸುಮಾರು 1200 ಜನ ಎದ್ದು ಹೋಗದೆ ಕಾಯ್ತಾ ಕೂತಿದಾರೆ! ಅಷ್ಟೊತ್ತು ಕಾದೋರಿಗೆ ಅಂತ ಪರದೆ ಎತ್ತೇ ಬಿಟ್ರು, ಸೆಟ್ ಕಟ್ಟೋದು, ದೀಪ ಹೊಂದಿಸೋದು ಎಲ್ಲಾ ಜನರ ಕಣ್ಣೆದುರೇ ನಡೀತು, ನಾಟಕ ಶುರುವಾಗಿದ್ದು ಮಧ್ಯರಾತ್ರಿ ಒಂದು ಗಂಟೆ ಮೇಲೆ.

ಇದನ್ನ ಅಮೆರಿಕನ್ನರು ಪವಾಡ ಅನ್ನೋ ಹಾಗೆ ಬರೀತಾರೆ. ಬಾದಾಮಿ ಹತ್ರ ಬನಶಂಕರಿ ಜಾತ್ರೆಗೆ ಹೋಗಿ ಬೆಳೆದ ನನಗೆ ಆ 1200 ಜನ ತುಂಬಾ ಪರಿಚಯದೋರು. ಅಲ್ಲಿ ಈಗಲೂ ಕಂಪನಿಗಳು ಟೆಂಟ್ ಹಾಕ್ತವೆ, ರಾತ್ರಿಯಿಡೀ ಆಟದ ಮೇಲೆ ಆಟ. "ನಾಟಕ ಅಂದ್ರ ಬೆಳಗಾಗೂತನಾ ನಡೀಬೇಕು" ಅಂತಿದ್ಲು ನಮ್ಮಜ್ಜಿ.

ಆದ್ರೆ ನಟಿಯರ ನೆನಪು ಉಳಿಸ್ಕೊಳ್ಳೋ ವಿಷಯದಲ್ಲಿ ನಾವು ತಪ್ಪು ಮಾಡಿದೀವಿ ಅಂತ ನನಗೆ ಖಂಡಿತಾ ಅನ್ಸುತ್ತೆ. ಕಾರ್ನೆಲ್ ಸಿನಿಮಾಕ್ಕೆ ಹೋಗ್ಲೇ ಇಲ್ಲ ಅನ್ಬೇಕು, 1943ರ 'ಸ್ಟೇಜ್ ಡೋರ್ ಕ್ಯಾಂಟೀನ್'ನಲ್ಲಿ ಜೂಲಿಯೆಟ್ ಮಾತು ಒಂದಿಷ್ಟು ಹೇಳ್ತಾರೆ ಅಷ್ಟೇ. 1961ರಲ್ಲಿ ಗಂಡ ತೀರ್ಕೊಂಡ ಮೇಲೆ ಸ್ಟೇಜೂ ಬಿಟ್ರು, 1974ರಲ್ಲಿ ತಾವೂ ತೀರ್ಕೊಂಡ್ರು. ಆದ್ರೂ ಆಕೆ ಉಳಿದಿದಾರೆ. ನ್ಯೂಯಾರ್ಕ್ ಸಾರ್ವಜನಿಕ ಲೈಬ್ರರಿಯ ಲಿಂಕನ್ ಸೆಂಟರ್ ಶಾಖೆಯಲ್ಲಿ ಆಕೆಯ ಕಾಗದ ಪತ್ರ ಎಲ್ಲಾ ಜೋಪಾನವಾಗಿದೆ, ಅಲ್ಲಿನ ಒಂದು ಓದೋ ಕೋಣೆಗೆ ಆಕೆ ಮತ್ತು ಗಂಡನ ಹೆಸರೇ ಇಟ್ಟಿದಾರೆ.

ನಮ್ಮಲ್ಲಿ? ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ರಾವಣ, ಭೀಮ ಆಗಿ ನಿಂತೋರು. ಕಾರ್ನೆಲ್‌ಗೆ ಊರೂರಲ್ಲಿ ಗೌರವ ಕಾದಿರ್ತಿತ್ತು, ನಮ್ಮ ನಟಿಯರಿಗೆ ನಾಟಕದೋರು ಅಂತ ಬಾಡಿಗೆಗೆ ಮನೆ ಸಿಗೋದೇ ಕಷ್ಟ, ಅಂಥ ಕಾಲದಲ್ಲಿ ಮಾಡಿದ ಕೆಲಸ ಇದು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರ್ಕೊಂಡ್ರು. ಗುಬ್ಬಿ ಕಂಪನಿಯ ಬಿ. ಜಯಮ್ಮ ಸಿನಿಮಾದಲ್ಲೂ ಮಾಡಿದ್ರಿಂದ ಅವರ ಬಗ್ಗೆ ಒಂದಷ್ಟು ಮಾಹಿತಿ ಸಿಗುತ್ತೆ. ಆದ್ರೆ ಊರೂರು ಅಲೆದು ಹಾಡಿ ಕುಣಿದ ನೂರಾರು ಹೆಣ್ಮಕ್ಕಳ ಹೆಸರು ಇದ್ದಿದ್ದು ಹ್ಯಾಂಡ್‌ಬಿಲ್‌ನಲ್ಲಿ ಮಾತ್ರ, ಅವನ್ನ ಯಾರು ಎತ್ತಿಟ್ಟಿದಾರೆ ಹೇಳಿ? ಶಾಲು ಹಾರ ಹಾಕಿ ಕಳಿಸಿದ್ರೆ ಮುಗೀತು ಅಂದ್ಕೊಂಡಿದೀವಿ.

ಅಜ್ಜಿ ತನ್ನ ಟ್ರಂಕಲ್ಲಿ ಬಣ್ಣಬಣ್ಣದ ಹ್ಯಾಂಡ್‌ಬಿಲ್ ಮಡಚಿ ಇಟ್ಟಿದ್ಲು, ನಾನೇ ನೋಡಿದ್ದೆ. ಹೋದ ಸಲ ಊರಿಗೆ ಹೋದಾಗ ಕೇಳಿದ್ರೆ ಮನೆ ರಿಪೇರಿ ಟೈಮಲ್ಲಿ ರದ್ದಿಗೆ ಹಾಕಿದ್ವಿ ಅಂದ್ರು ಕಾಕಾ. ಈ ಜನವರಿ ಜಾತ್ರೆಗೆ ಹೋಗೋ ತಮ್ಮಂದಿರಿಗೆ ಈಗ್ಲೇ ಹೇಳಿಟ್ಟಿದೀನಿ, ಪ್ರತಿ ಟೆಂಟಿಂದ ಎರಡೆರಡು ಹ್ಯಾಂಡ್‌ಬಿಲ್ ತಗೊಳ್ಳಿ, ಹಿಂದೆ ತಾರೀಖು ಬರೀರಿ, ನಟಿಯರನ್ನ ಮಾತಾಡ್ಸಿ ಅವರ ಊರು, ಪೂರ್ತಿ ಹೆಸರು ಕೇಳಿ ಬರ್ಕೊಳ್ಳಿ ಅಂತ.