ಡೀಟೇಲ್ ಬಿಲ್ ಕೇಳಿದ್ದೇ ತಪ್ಪಾ?

ಇನ್ಶುರೆನ್ಸ್ ಇದೆ, ಕ್ಯಾಶ್‌ಲೆಸ್ ಅಪ್ರೂವಲ್ಲೂ (ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವ ಒಪ್ಪಿಗೆ) ಬಂದಿದೆ. ಆದರೂ ಆಸ್ಪತ್ರೆಯಲ್ಲಿ ಒಬ್ಬ ಅಮ್ಮನಿಗೆ 1,50,000 ರೂಪಾಯಿ ಬಿಲ್ಲಿನಲ್ಲಿ 75,000 ಕೈಯಿಂದ ಕಟ್ಟಿ ಅಂದರು. ದುಡ್ಡಿನ ಮಾತು ಆಮೇಲೆ. ಬಿಲ್ ಕೌಂಟರಿನ ಹುಡುಗ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ.

ಆ ಅಮ್ಮ ಕೇಳಿದ್ದು ಇಷ್ಟೇ: "ಯಾವುದಕ್ಕೆ ಎಷ್ಟು ಅಂತ ಒಂದು ಚೀಟಿ ಕೊಡ್ತೀರಾ ಸಾರ್, ಮಗನಿಗೆ ತೋರಿಸಬೇಕು." ಕೌಂಟರಿನವನು ತಲೆ ಎತ್ತದೆ ಹೇಳಿದ, "ಕೊಟ್ರೆ ನಿಮಗೆ ಅರ್ಥ ಆಗುತ್ತೇನಮ್ಮಾ?" ಗಾಜಿನ ಹಿಂದೆ ಕೂತು ಮಾತಾಡುವ ಮೈಕಿನಲ್ಲಿ ಹೇಳಿದ. ಕುರ್ಚಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಸೆರಗು ಸರಿಮಾಡಿಕೊಂಡು, ಅರ್ಥ ಆಗದಿದ್ದರೆ ಮಗ ಓದಿ ಹೇಳ್ತಾನೆ ಅಂದರು, ಮೆಲ್ಲಗೆ. ಅದಕ್ಕವನು, "ಸೈನ್ ಮಾಡಿ, ಹಿಂದೆ ಕ್ಯೂ ಇದೆ." ಆಕೆ ಸೈನ್ ಮಾಡಿದರು. ಪೆನ್ನು ವಾಪಸ್ ಕೊಡುವಾಗ "ಬೇಜಾರು ಮಾಡ್ಕೋಬೇಡಪ್ಪ" ಅಂತ ಆಕೆಯೇ ಅವನಿಗೆ ಹೇಳಬೇಕಾಯಿತು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತೆ.

ಅರ್ಥ ಆಗದಂಥದ್ದು ಆ ಬಿಲ್ಲಿನಲ್ಲಿ ಏನೂ ಇರಲಿಲ್ಲ. ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆ ಮಿತಿ ಅದರ 1%, ಅಂದರೆ ದಿನಕ್ಕೆ 3,000. ಅಡ್ಮಿಷನ್ ದಿನ ಶೇರಿಂಗ್ ರೂಮ್ ಖಾಲಿ ಇಲ್ಲ, ಇನ್ಶುರೆನ್ಸ್ ಇದೆಯಲ್ಲ ಅಂತ 6,000ದ ರೂಮಿಗೆ ಹಾಕಿದರು. ನಾಲ್ಕು ದಿನಕ್ಕೆ 24,000. ಮಿತಿ ಮೀರಿದ 12,000 ತಾನೇ ಕೈಯಿಂದ ಹೋಗೋದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಾಗೋದಿಲ್ಲ. ರೂಮು ದುಬಾರಿಯಾದ ಹಾಗೆ ಅದೇ ಆಪರೇಷನ್ನಿಗೆ ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜು, ಅನಸ್ತೇಷಿಯಾ, ನರ್ಸಿಂಗ್ ಎಲ್ಲದರ ರೇಟನ್ನೂ ಆಸ್ಪತ್ರೆ ಏರಿಸುತ್ತೆ. ಹಾಗಾಗಿ ಕಂಪನಿ ಅವನ್ನೂ ರೂಮಿನ ಅನುಪಾತದಲ್ಲೇ ಕತ್ತರಿಸುತ್ತೆ. ಇಲ್ಲಿ ಅವು 80,000 ಇದ್ದವು, ಮಿತಿ ರೂಮ್ ಬಾಡಿಗೆಯ ಅರ್ಧ ಆದ್ದರಿಂದ ಇದರಲ್ಲೂ ಅರ್ಧ ಹೋಯಿತು. ಇದನ್ನು ಅಡ್ಮಿಷನ್ ಡೆಸ್ಕಿನಲ್ಲಿ ಒಂದು ಮಾತು ಹೇಳಿದ್ದರೆ ಆ ಮನೆಯವರು ಜನರಲ್ ವಾರ್ಡಿಗೇ ಹೋಗುತ್ತಿದ್ದರು.

ಉಳಿದ 46,000 ಔಷಧಿ, ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿ ಬಿಸಾಡುವ ಸಾಮಾನು), ಟೆಸ್ಟುಗಳದ್ದು. ಅದನ್ನೂ ಅರ್ಧ ಮಾಡಿ 23,000 ಕಳೆದಿದ್ದಾರೆ! ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಅನುಪಾತದ ಕಡಿತ ಹಾಕಬಾರದು ಅಂತ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಡೀಟೇಲ್ ಬಿಲ್ ಕೈಗೆ ಬಂದರೆ ಮೊದಲು ಕಣ್ಣಿಗೆ ಬೀಳೋದೇ ಇದು.

ಹೋಗಲಿ, ಆ ಹುಡುಗನನ್ನು ಬೈದು ಏನಾಗಬೇಕು, ಅವನದ್ದೂ ಸಂಬಳದ ಕೆಲಸ. ದೇಶವೇ ಹೀಗೆ ನಡೆಯುತ್ತಿರುವಾಗ ಯಾರ ಹತ್ತಿರ ಹೇಳೋದು? ಇಲ್ಲ, ಹೇಳಲೇಬೇಕು. ಬೆಲೆ ಕಟ್ಟಿಹಾಕೋದು ಸರ್ಕಾರದ ಕೈಲಿ ಆಗುತ್ತೆ. 2017ರ ಫೆಬ್ರವರಿಯಲ್ಲಿ ಔಷಧಿಗಳ ಬೆಲೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಎನ್‌ಪಿಪಿಎ ಹೃದಯದ ರಕ್ತನಾಳಕ್ಕೆ ಹಾಕುವ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಲಿಲ್ಲವಾ? ಸ್ಟೆಂಟಿಗೆ, ಆಮೇಲೆ ಮಂಡಿ ಇಂಪ್ಲಾಂಟಿಗೆ ಬೇಲಿ ಹಾಕಿ ಉಳಿದ ಬಹುಪಾಲು ಸಾಮಾನನ್ನು ಬಿಟ್ಟರು. ಮರುವರ್ಷ ಅದೇ ಎನ್‌ಪಿಪಿಎ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ನೋಡಿದಾಗ ಲಾಭ 1,737% ತನಕ ಹೋಗಿತ್ತು. ಸಿರಿಂಜು, ಕ್ಯಾನ್ಯುಲಾದಂಥ ಸಣ್ಣ ಸಾಮಾನಿನ ಸಾಲುಗಳನ್ನು ಯಾರೂ ಓದೋದಿಲ್ಲ ಅನ್ನೋ ಧೈರ್ಯ.

ನಮ್ಮ ಕರ್ನಾಟಕದಲ್ಲೂ 2017ರಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಿದ್ದುಪಡಿ ಬಂತು. ಖಾಸಗಿ ಆಸ್ಪತ್ರೆಗಳ ದರ ಸರ್ಕಾರವೇ ನಿಗದಿ ಮಾಡುವ ಮಾತಿತ್ತು. ನವೆಂಬರಿನಲ್ಲಿ ವೈದ್ಯರು ಮುಷ್ಕರ ಹೂಡಿದರು, ಕೊನೆಗೆ ಆ ಅಧಿಕಾರ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ಇದೆ, ಒಳ್ಳೆಯದು. ಎಪಿಎಲ್ ಆದರೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30% ಮಾತ್ರ. ಮಧ್ಯದಲ್ಲಿ ಸಿಕ್ಕಿಕೊಂಡವರು ಎಲ್ಲಿಗೆ ಹೋಗಬೇಕು? ಯಾರಾದರೂ ಉತ್ತರ ಕೊಡಿ. ಆರೋಗ್ಯ ಮಂತ್ರಿಗಳು ಕೊಡಲಿ, ಆಸ್ಪತ್ರೆ ಸಂಘದವರು ಕೊಡಲಿ, ಯಾರಾದರೂ ಸರಿ! 2021-22ರ ಸರ್ಕಾರಿ ಲೆಕ್ಕದಲ್ಲೇ ದೇಶದ ಒಟ್ಟು ಆರೋಗ್ಯ ವೆಚ್ಚದ 39.4% ಜನರ ಜೇಬಿನಿಂದ ಹೋಗಿದ್ದು. ದೇಶಕ್ಕೆಲ್ಲ ಒಂದೇ ಬಿಲ್ ನಮೂನೆ, ಚಿಕಿತ್ಸೆಗೊಂದು ದರದ ಮಿತಿ, ರೂಮು ಬದಲಾದರೆ ಆಪರೇಷನ್ ದರ ಬದಲಾಗಕೂಡದು ಅನ್ನೋ ಕಾನೂನು. ಇಷ್ಟು ಮಾಡೋಕೆ ಇನ್ನೆಷ್ಟು ವರ್ಷ ಬೇಕು?

ಆ ಅಮ್ಮನ ಮಗ ಇದನ್ನು ಓದಿದರೆ ದಯವಿಟ್ಟು ಕೇಳಿ. ಆಸ್ಪತ್ರೆಯಿಂದ ಐಟಂವಾರು ಬಿಲ್, ಕಂಪನಿಯಿಂದ ಕಡಿತದ ವಿವರ, ಎರಡನ್ನೂ ಇಮೇಲಿನಲ್ಲೇ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೂ ಸರಿ, ವಿಮೆ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹಾಕಿ. ಫೀಸಿಲ್ಲ, ವಕೀಲರು ಬೇಡ. ಗ್ಲೌಸು, ಮಾಸ್ಕಿನಂಥ ಪಾಲಿಸಿಗೆ ಸೇರದ ಸಾಮಾನು ಕಳೆದರೂ 23,000ದಲ್ಲಿ ಬಹುಪಾಲು ನಿಮಗೆ ವಾಪಸ್ ಬರಬೇಕಾದ ದುಡ್ಡು. ಅಮ್ಮ ಸೈನ್ ಮಾಡಿದ್ದಾರೆ ಅಂತ ಕೈಬಿಡಬೇಡಿ.